ವಾಚ್ ಚೈನ್ ಮನೆಯಲ್ಲೇ ಸರಿಮಾಡಿಕೊಳ್ಳಲು ಯಾವ ಉಪಕರಣ ಬೇಕು? ಮೊದಲು ಕೊಂಡಿ ನೋಡಿ, ಆಮೇಲೆ ಕೊಳ್ಳಿ

ಹೊಸ ವಾಚ್ ಕಟ್ಟಿಕೊಂಡು ಕೈ ಎತ್ತಿದರೆ ಅರ್ಧ ಮುಂಗೈಗೆ ಜಾರುತ್ತದೆ, ಇಳಿಸಿದರೆ ಡಯಲ್ ತಿರುಗಿ ಅಂಗೈ ಕಡೆ ಹೋಗುತ್ತದೆ. ಚೈನಿನ ಎರಡೋ ಮೂರೋ ಕೊಂಡಿ ತೆಗೆದರೆ ಸರಿಹೋಗುವ ಕೆಲಸ. ಅಂಗಡಿಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಆದರೆ ಚೈನ್ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಬೇಸಿಗೆಯಲ್ಲಿ ಮಣಿಕಟ್ಟು ಊದುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ, ಮೈತೂಕ ಬದಲಾದರೆ ಅಳತೆಯೂ ಬದಲಾಗುತ್ತದೆ. ಹಾಗಾಗಿ ಸರಿಯಾದ ನಾಲ್ಕು ಸಾಮಾನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು ಎನ್ನುವವನು ನಾನು.

ನಾಲ್ಕೇ ಸಾಮಾನು ಅಂದದ್ದಕ್ಕೆ ಕಾರಣವಿದೆ. ಹದಿನೈದನೇ ವಯಸ್ಸಿನಲ್ಲಿ ಅಪ್ಪನ ಎಚ್‌ಎಂಟಿ ವಾಚಿನ ಸ್ಟೀಲ್ ಚೈನನ್ನು ಹೊಲಿಗೆ ಸೂಜಿ, ಕುಟ್ಟಾಣಿ ಹಿಡಿದು ಸಣ್ಣದು ಮಾಡಲು ಹೋಗಿದ್ದೆ. ಪಿನ್ ಯಾವ ಕಡೆಯಿಂದ ಹೊರಬರುತ್ತದೆ ಎಂದು ನೋಡದೆ ಹೊಡೆದೆ. ಸೂಜಿ ಮುರಿಯಿತು. ಅದರ ತುದಿ ಇವತ್ತಿಗೂ ಆ ಕೊಂಡಿಯೊಳಗೇ ಇದೆ, ಪಕ್ಕದಲ್ಲಿ ಸೂಜಿ ಜಾರಿ ಆದ ಉದ್ದನೆಯ ಗೀರೂ ಇದೆ. ಅದಾದ ಎಷ್ಟೋ ವರ್ಷಗಳ ಮೇಲೆ ಆನ್‌ಲೈನಿನಲ್ಲಿ ನೂರಕ್ಕೂ ಹೆಚ್ಚು ತುಂಡುಗಳ ಒಂದು ಕಿಟ್ ತರಿಸಿದೆ. ಅದರಲ್ಲಿ ನನ್ನ ಚೈನಿಗೆ ಬೇಕಾದದ್ದು ಎರಡೇ ಇತ್ತು, ಆ ಎರಡೂ ಮೊದಲ ದಿನವೇ ಬಾಗಿದವು. ಎರಡು ಸಲವೂ ನಾನು ಮಾಡಿದ ತಪ್ಪು ಒಂದೇ. ಕೊಂಡಿ ಹೇಗೆ ಕೂಡಿಕೊಂಡಿದೆ ಎಂದು ತಿಳಿಯದೆ ಉಪಕರಣಕ್ಕೆ ಕೈಹಾಕಿದ್ದು.

ಮೊದಲು ಚೈನನ್ನು ಓದಿ

ಕಿಟಕಿಯ ಬೆಳಕಿನಲ್ಲಿ ಕೂತು, ವಾಚನ್ನು ಮೃದುವಾದ ಬಟ್ಟೆಯ ಮೇಲೆ ಬೋರಲು ಹಾಕಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಬಹುದು. ಎರಡು ಜಾಗ ಗಮನಿಸಬೇಕು: ಕೊಂಡಿಯ ಒಳಮೈ, ಅಂದರೆ ಚರ್ಮಕ್ಕೆ ತಾಗುವ ಭಾಗ, ಮತ್ತು ಕೊಂಡಿಯ ಪಕ್ಕದ ಅಂಚು.

ಒಳಮೈಯಲ್ಲಿ ಸಣ್ಣ ಬಾಣದ ಗುರುತು ಕಂಡರೆ ಅದು ಪಿನ್ ಚೈನ್. ಬಾಣ ತೋರಿಸುವ ದಿಕ್ಕಿಗೆ ಪಿನ್ ಹೊರಬರಬೇಕು, ಹಾಕುವಾಗ ಬಾಣಕ್ಕೆ ಎದುರಾಗಿ ಒಳಹೋಗಬೇಕು. ಬಾಣವಿರುವ ಕೊಂಡಿಗಳನ್ನು ಮಾತ್ರ ತೆಗೆಯಬಹುದು. ಬಾಣವಿಲ್ಲದವು ಸಾಮಾನ್ಯವಾಗಿ ಕಾಯಂ ಕೂಡಿಸಿದವು, ಅವುಗಳ ತಂಟೆಗೆ ಹೋಗಬೇಡಿ.

ಪಕ್ಕದ ಅಂಚಿನಲ್ಲಿ ಸ್ಕ್ರೂ ತಲೆಯಂಥ ಗೀಟು ಕಂಡರೆ ಅದು ಸ್ಕ್ರೂ ಚೈನ್. ಒಂದೇ ಪಕ್ಕದಲ್ಲಿ ಗೀಟಿದ್ದರೆ ಒಂದು ಸ್ಕ್ರೂಡ್ರೈವರ್ ಸಾಕು. ಎರಡೂ ಪಕ್ಕದಲ್ಲಿದ್ದರೆ ಎರಡು ಬೇಕು, ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ತಿರುಗಿಸಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಪಿನ್ ಚೈನಿನಲ್ಲಿ ಬರುವ, ಒಂದು ತುದಿ ಸೀಳಿರುವ ಕೆಲವು ಸೀಳು ಪಿನ್‌ಗಳ ತುದಿಯೂ ಸ್ಕ್ರೂ ಗೀಟಿನ ಹಾಗೇ ಕಾಣುತ್ತದೆ. ಬಾಣದ ಗುರುತಿದ್ದು ಗೀಟು ಕೂದಲೆಳೆಯಷ್ಟು ಸಣ್ಣಗಿದ್ದರೆ ಅದು ಬಹುಪಾಲು ಸೀಳು ಪಿನ್. ಅದಕ್ಕೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತುದಿ ಹಾಳಾಗುತ್ತದೆ.

ಪಿನ್ ಚೈನ್‌ನಲ್ಲೂ ಎರಡು ಜಾತಿ. ಮೊದಲನೆಯದು ಸೀಳು ಪಿನ್. ಹೇರ್‌ಪಿನ್ ಹಾಗೆ ಒಂದು ತುದಿ ಸೀಳಿರುತ್ತದೆ, ಆ ಸೀಳು ಅಗಲಿಕೊಂಡು ರಂಧ್ರದೊಳಗೆ ಬಿಗಿಯಾಗಿ ಕೂರುತ್ತದೆ. ಎರಡನೆಯದು ಪಿನ್ ಮತ್ತು ಕಾಲರ್. ಪಿನ್ ಸಾದಾ ಕಡ್ಡಿ. ಅದನ್ನು ಬಿಗಿಹಿಡಿಯುವುದು ಕೊಂಡಿಯೊಳಗೆ ಕೂತಿರುವ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಒಂದು ಕೊಳವೆ. ಸೀಕೋ, ಸಿಟಿಜನ್ ಕಂಪನಿಗಳ ಹಲವು ಚೈನ್‌ಗಳಲ್ಲಿ ಈ ಏರ್ಪಾಟು ಇದೆ. ಹೊರಗಿನಿಂದ ನೋಡಿ ಈ ಎರಡನ್ನು ಬೇರೆ ಮಾಡುವುದು ಕಷ್ಟ. ಅದಕ್ಕೇ ಪಿನ್ ತೆಗೆಯುವಾಗ ಯಾವಾಗಲೂ ಕಾಲರ್ ಇದೆ ಎಂದೇ ಭಾವಿಸಿ ಕೆಲಸ ಮಾಡಿ.

ಇವೆರಡೂ ಅಲ್ಲದ ಚೈನ್‌ಗಳೂ ಇವೆ. ಬಲೆಯಂತೆ ಹೆಣೆದ ಮೆಶ್ ಚೈನಿಗೆ ಜಾರುವ ಲಾಕ್ ಇರುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಅದರ ನಾಲಿಗೆಯನ್ನು ಮೆಲ್ಲಗೆ ಎತ್ತಿ, ಬೇಕಾದಲ್ಲಿಗೆ ಸರಿಸಿ, ಮತ್ತೆ ಒತ್ತಿದರೆ ಮುಗಿಯಿತು. ಎಳೆದರೆ ಹಿಗ್ಗುವ ಸ್ಪ್ರಿಂಗ್ ಚೈನ್‌ನ ಕೊಂಡಿಗಳು ಸ್ಟೇಪಲ್ ಪಿನ್ನಿನಂಥ ಸಣ್ಣ ತಂತಿಗಳಿಂದ ಕೂಡಿಕೊಂಡಿರುತ್ತವೆ. ಅದು ತಾಳ್ಮೆಯ ಕೆಲಸ, ಮೊದಲ ಪ್ರಯತ್ನಕ್ಕೆ ಬೇಡ. ಹಳೆಯ ವಾಚ್‌ಗಳಲ್ಲಿ ಕಾಣುವ, ತಗಡು ಮಡಚಿ ಮಾಡಿದ ಚೈನ್‌ಗಳಲ್ಲಿ ಪಿನ್ನೇ ಇರುವುದಿಲ್ಲ, ತಗಡಿನ ಕಿವಿಯನ್ನು ಬಿಚ್ಚಿ ಮಡಚಬೇಕು. ಆ ಕಿವಿ ಎರಡು ಮೂರು ಸಲಕ್ಕಿಂತ ಹೆಚ್ಚು ಬಾಗಿಸಿದರೆ ಮುರಿಯುತ್ತದೆ.

ಕೊಂಡಿ ತೆಗೆಯಲೇಬೇಕೇ?

ಒಮ್ಮೊಮ್ಮೆ ಬೇಕಾಗುವುದಿಲ್ಲ. ಮಡಚುವ ಲಾಕ್‌ನ ಪಕ್ಕದ ಅಂಚು ನೋಡಿ. ಸಾಲಾಗಿ ಎರಡರಿಂದ ಆರು ಸಣ್ಣ ತೂತುಗಳಿದ್ದರೆ ಚೈನನ್ನು ಅಲ್ಲೇ ಒಂದೆರಡು ಮನೆ ಸರಿಸಿ ಕೆಲವು ಮಿಲಿಮೀಟರ್ ಬಿಗಿ ಅಥವಾ ಸಡಿಲ ಮಾಡಬಹುದು. ತೂತಿನಲ್ಲಿ ಕಾಣುವುದು, ಒಳಗೆ ಸ್ಪ್ರಿಂಗ್ ಇದ್ದು ಒತ್ತಿದರೆ ತುದಿ ಒಳಸರಿಯುವ ಸಣ್ಣ ಕಡ್ಡಿಯಾದ ಸ್ಪ್ರಿಂಗ್ ಬಾರ್‌ನ ತುದಿ. ಅದನ್ನು ಒಳಗೆ ಒತ್ತಿ, ಚೈನನ್ನು ಮುಂದಿನ ತೂತಿಗೆ ಸರಿಸಿ ಬಿಟ್ಟರೆ ಟಿಕ್ ಎಂದು ಕೂರುತ್ತದೆ. ಇಷ್ಟಕ್ಕೆ ಮೊಬೈಲಿನ ಸಿಮ್ ತೆಗೆಯುವ ಕಡ್ಡಿಯೇ ಎಷ್ಟೋ ಸಲ ಸಾಕು. ಸ್ವಲ್ಪವೇ ಸಡಿಲವಿದ್ದು, ಸಂಜೆ ಹೊತ್ತಿಗೆ ಸರಿಯಾಗುತ್ತದೆ ಎನ್ನಿಸುವ ಚೈನಿಗೆ ಮೊದಲು ಇದನ್ನೇ ಮಾಡಿ ನೋಡಿ.

ಚಿಟ್ಟೆಯ ರೆಕ್ಕೆಯಂತೆ ಎರಡೂ ಕಡೆಗೆ ತೆರೆಯುವ ಲಾಕ್‌ಗಳಲ್ಲಿ ಈ ತೂತುಗಳು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಕೊಂಡಿಯೇ ತೆಗೆಯಬೇಕು, ಎರಡೂ ಕಡೆಯಿಂದ ಸಮ ಸಮ.

ಈಗ ಉಪಕರಣಗಳು

*ಸ್ಪ್ರಿಂಗ್ ಬಾರ್ ಟೂಲ್.* ಇದು ಎಲ್ಲರಿಗೂ ಬೇಕು. ಪೆನ್ನಿನಂಥ ಹಿಡಿ, ಒಂದು ತುದಿಯಲ್ಲಿ ನಾಲಿಗೆ ಸೀಳಿದಂಥ ಕವಲು, ಇನ್ನೊಂದು ತುದಿಯಲ್ಲಿ ಕಡ್ಡಿ. ಕಡ್ಡಿ ಲಾಕ್‌ನ ತೂತುಗಳಿಗೆ, ಕವಲು ಚೈನ್ ಅಥವಾ ಬೆಲ್ಟನ್ನು ವಾಚಿನಿಂದ ಬಿಡಿಸುವುದಕ್ಕೆ. ಕೊಳ್ಳುವಾಗ ಕವಲಿನ ದಪ್ಪ ನೋಡಿ. ಚೈನಿನ ಕೊನೆಯ ಕೊಂಡಿಗೂ ವಾಚಿನ ಕಿವಿಗೂ (ಚೈನ್ ಸಿಕ್ಕಿಸಲು ವಾಚಿನಿಂದ ಚಾಚಿರುವ ಕೊಂಬು) ನಡುವಿನ ಸಂದು ತೀರಾ ಸಣ್ಣದು. ದಪ್ಪ ಕವಲು ಅಲ್ಲಿಗೆ ಹೋಗುವುದೇ ಇಲ್ಲ, ಬಲವಂತ ಮಾಡಿದರೆ ಕಿವಿಯ ಒಳಮೈ ಗೀರುತ್ತದೆ. ಸ್ವಿಟ್ಜರ್ಲೆಂಡಿನ ಲೆ ಲೋಕ್ಲ್ ಪಟ್ಟಣದ ಬರ್ಜನ್ ಕಂಪನಿ 1791ರಿಂದ ವಾಚ್ ರಿಪೇರಿಯವರಿಗೆ ಉಪಕರಣ ಮಾಡಿಕೊಂಡು ಬಂದಿದೆ. ಅವರ 6767-ಎಫ್ ಎಂಬ ಮಾದರಿಯ ಸಣ್ಣ ಕವಲು ಬಹಳ ರಿಪೇರಿಯವರ ಮೇಜಿನ ಮೇಲೆ ಕಾಣುತ್ತದೆ. ಬೆಲೆ ಜಾಸ್ತಿ. ಒಂದೇ ವಾಚ್ ಇದ್ದವರಿಗೆ ಅದು ಬೇಡ. ತುದಿ ಸಣ್ಣಗಿದ್ದು, ಉಗುರಿನಿಂದ ಒತ್ತಿದರೆ ಬಾಗದಿರುವ ಯಾವುದಾದರೂ ಸಾಕು. ನಾಲ್ಕೈದು ವಾಚ್ ಇಟ್ಟುಕೊಂಡು ವಾರಕ್ಕೊಮ್ಮೆ ಬೆಲ್ಟ್ ಬದಲಿಸುವವರು ಒಳ್ಳೆಯದಕ್ಕೇ ದುಡ್ಡು ಹಾಕಲಿ.

*ಪಿನ್ ತಳ್ಳುವ ಉಪಕರಣ.* ಗೊಂದಲ ಹೆಚ್ಚು ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಪೇಟೆಯಲ್ಲಿ ಸಿಗುವುದು ಎರಡು ಬಗೆ. ಒಂದು, ತಿರುಗಿಸುವ ಬಗೆ: ಸಣ್ಣ ಪೀಠದ ಮೇಲೆ ಚೈನ್ ಇಟ್ಟು, ಸ್ಕ್ರೂ ತಿರುಗಿಸಿದರೆ ಅದರ ತುದಿಯ ಸೂಜಿ ಪಿನ್ನನ್ನು ತಳ್ಳುತ್ತದೆ. ಇನ್ನೊಂದು, ಹೊಡೆಯುವ ಬಗೆ: ಸೀಳುಗಳಿರುವ ಪ್ಲಾಸ್ಟಿಕ್ ದಿಮ್ಮಿಯಲ್ಲಿ ಚೈನನ್ನು ನಿಲ್ಲಿಸಿ, ಪಂಚ್ ಎಂಬ ಸಣ್ಣ ಉಳಿಯಿಟ್ಟು ಸುತ್ತಿಗೆಯಿಂದ ತಟ್ಟುವುದು.

ಕೆಲವೇ ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ಕಿನ ತಿರುಗಿಸುವ ಪೀಠವನ್ನೇ ಹೆಚ್ಚಿನವರು ಮೊದಲು ತರಿಸುತ್ತಾರೆ. ಹೊಸ, ಸಡಿಲ ಪಿನ್‌ಗಳಿಗೆ ಅದು ಸಾಕಾಗುತ್ತದೆ. ಬಿಗಿಯಾದ ಪಿನ್ ಸಿಕ್ಕಿದರೆ ಪ್ಲಾಸ್ಟಿಕ್ ಬಾಗಿ, ಸೂಜಿ ಓರೆಯಾಗಿ, ರಂಧ್ರದ ಅಂಚಿಗೆ ಒತ್ತಿ ಮುರಿಯುತ್ತದೆ. ತಿರುಗಿಸುವ ಬಗೆಯೇ ಬೇಕೆಂದರೆ ಲೋಹದ ಚೌಕಟ್ಟಿನದು, ಚೈನಿನ ಎತ್ತರಕ್ಕೆ ಪೀಠವನ್ನು ಏರಿಸಿ ಇಳಿಸಬಹುದಾದದ್ದು, ಬದಲಿ ಸೂಜಿಗಳು ಜೊತೆಗೆ ಬರುವಂಥದ್ದು ನೋಡಿ ಕೊಳ್ಳಿ. ಎತ್ತರ ಸರಿಹೊಂದಿಸುವ ಏರ್ಪಾಟು ಇಲ್ಲದಿದ್ದರೆ ಸೂಜಿ ಮತ್ತು ಪಿನ್ ಒಂದೇ ರೇಖೆಗೆ ಬರುವುದಿಲ್ಲ.

ನನ್ನ ಆಯ್ಕೆ ಹೊಡೆಯುವ ಬಗೆ. ಕೈಗೆ ಅಂದಾಜು ಸಿಗುತ್ತದೆ, ಪಿನ್ ಅಲುಗಾಡಿದ ಆ ಕ್ಷಣ ಬೆರಳಿಗೆ ಗೊತ್ತಾಗುತ್ತದೆ. ಪಂಚ್‌ಗಳು 0.7, 0.8, 0.9, 1 ಮಿಲಿಮೀಟರ್ ಅಳತೆಯಲ್ಲಿ ಬರುತ್ತವೆ. ಪಂಚ್‌ನ ತುದಿ ಪಿನ್‌ಗಿಂತ ಒಂದಿಷ್ಟು ಸಣ್ಣದಿರಬೇಕು, ಆದರೆ ತೀರಾ ಸಣ್ಣದಾದರೆ ಬಾಗುತ್ತದೆ ಅಥವಾ ಸೀಳು ಪಿನ್ನಿನ ಸೀಳಿನೊಳಗೆ ಹೊಕ್ಕು ಅದನ್ನು ಇನ್ನೂ ಬಿಗಿ ಮಾಡುತ್ತದೆ. ಎರಡು ಪಂಚ್ ಇದ್ದರೆ ಅನುಕೂಲ. ಮೊದಲ ಏಟಿಗೆ ಗಿಡ್ಡ ತುದಿಯದು, ಅದು ಬಾಗುವುದಿಲ್ಲ. ಪಿನ್ ಸ್ವಲ್ಪ ಸರಿದ ಮೇಲೆ ಪೂರ್ತಿ ದಾಟಿಸಲು ಉದ್ದ ತುದಿಯದು.

ಸುತ್ತಿಗೆ ಹಗುರವಾಗಿರಬೇಕು. ಒಂದು ಮುಖ ಹಿತ್ತಾಳೆ, ಇನ್ನೊಂದು ಮುಖ ಪ್ಲಾಸ್ಟಿಕ್ ಇರುವ ಪುಟ್ಟ ಸುತ್ತಿಗೆ ಸಿಕ್ಕಿದರೆ ಅದೇ ಸರಿ. ಗೋಡೆಗೆ ಮೊಳೆ ಹೊಡೆಯುವ ಸುತ್ತಿಗೆಯ ಭಾರವೇ ಹೆಚ್ಚು. ಅದು ಒಂದು ಸಲ ಜಾರಿದರೂ ಕೊಂಡಿಗೆ ತಗ್ಗು ಬೀಳುತ್ತದೆ.

*ಸ್ಕ್ರೂಡ್ರೈವರ್.* ಸ್ಕ್ರೂ ಚೈನ್ ಇದ್ದವರಿಗೆ ಮಾತ್ರ. ಪಿನ್ ಚೈನ್ ಇದ್ದರೆ ಇದಕ್ಕೆ ಒಂದು ಪೈಸೆಯೂ ಖರ್ಚು ಮಾಡಬೇಡಿ. ಬೇಕಾದವರು ಮಾತ್ರ ಅಗ್ಗದ್ದಕ್ಕೆ ಹೋಗಬೇಡಿ, ಯಾಕೆಂದರೆ ಇಲ್ಲಿ ಹಾಳಾಗುವುದು ಉಪಕರಣವಲ್ಲ, ಸ್ಕ್ರೂವಿನ ತಲೆ. ಚೈನ್ ಸ್ಕ್ರೂಗಳಿಗೆ ಹೆಚ್ಚಾಗಿ ಬೇಕಾಗುವ ಬ್ಲೇಡ್ ಅಗಲ 1.2ರಿಂದ 1.6 ಮಿಲಿಮೀಟರ್. ಅಗಲ ಮಾತ್ರ ನೋಡಿದರೆ ಸಾಲದು, ದಪ್ಪವೂ ಗೀಟಿಗೆ ಸರಿಯಾಗಿ ಹೊಂದಬೇಕು. ಬ್ಲೇಡನ್ನು ಗೀಟಿನಲ್ಲಿಟ್ಟು ಆಚೀಚೆ ಅಲುಗಾಡಿಸಿ ನೋಡಿ. ಅಲುಗಾಡಿದರೆ ಸಣ್ಣದಾಯಿತು. ತುದಿ ಮಾತ್ರ ಕೂತು ತಳಕ್ಕೆ ಮುಟ್ಟದಿದ್ದರೆ ದಪ್ಪವಾಯಿತು, ನುಣುಪಾದ ಸಾಣೆಕಲ್ಲಿನ ಮೇಲೆ ಎರಡೂ ಮೈ ಸಮವಾಗಿ ಉಜ್ಜಿ ಹೊಂದಿಸಿಕೊಳ್ಳಬೇಕು. ಹಿಂಬದಿಯಲ್ಲಿ ತಿರುಗುವ ತಲೆಯಿರುವ ಸ್ಕ್ರೂಡ್ರೈವರ್ ಆದರೆ ತೋರುಬೆರಳಿನಿಂದ ಅದನ್ನು ಒತ್ತಿಹಿಡಿದೇ ತಿರುಗಿಸಬಹುದು.

*ಸಣ್ಣಪುಟ್ಟವು.* ಹಲ್ಲುಗಳಿಲ್ಲದ ನುಣುಪು ಬಾಯಿಯ ಚಿಕ್ಕ ಇಕ್ಕಳ, ಅರ್ಧ ಹೊರಬಂದ ಪಿನ್ ಎಳೆಯಲು. ಒಂದು ಚಿಮಟ. ಅಂಚುಳ್ಳ ಬಿಳಿ ತಟ್ಟೆ. ಗೀರು ತಡೆಯಲು ಅಂಟು ಗುರುತು ಬಿಡದ ಪೇಂಟರ್ ಟೇಪ್. ಸ್ಕ್ರೂ ಚೈನಿಗೆ ಕಡಿಮೆ ಬಲದ ಸ್ಕ್ರೂ ಅಂಟು. ಲಾಕ್‌ಟೈಟ್ 222 ಎಂಬ ನೇರಳೆ ಬಣ್ಣದ್ದು ಸಣ್ಣ ಸ್ಕ್ರೂಗಳಿಗೆಂದೇ ಇದೆ. ನೀಲಿಯ 243 ಅದಕ್ಕಿಂತ ಬಲವಾದದ್ದು. ಕೆಂಪು ಬಣ್ಣದ್ದು ಇಲ್ಲಿಗೆ ಬೇಡ, ಮುಂದೆ ಸ್ಕ್ರೂ ಬಿಚ್ಚಲು ಆಗುವುದಿಲ್ಲ.

ನೂರಾರು ತುಂಡುಗಳ ಕಿಟ್ ಯಾಕೆ ಬೇಡ ಎಂದರೆ, ಅದರ ಬೆಲೆಯ ಬಹುಪಾಲು ಹೋಗುವುದು ವಾಚಿನ ಹಿಂಬದಿ ಮುಚ್ಚಳ ತೆಗೆಯುವ ಸಾಮಾನುಗಳಿಗೆ. ಚೈನ್ ಸರಿಮಾಡಲು ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ. ಅದನ್ನು ತೆಗೆದು ಸರಿಯಾಗಿ ಮುಚ್ಚದಿದ್ದರೆ ನೀರು, ಧೂಳು ಒಳಹೋಗುತ್ತದೆ. ಒಂದು ಸ್ಪ್ರಿಂಗ್ ಬಾರ್ ಟೂಲ್, ಒಂದು ದಿಮ್ಮಿ, ಎರಡು ಪಂಚ್, ಒಂದು ಸುತ್ತಿಗೆ. ಪಿನ್ ಚೈನಿಗೆ ಇಷ್ಟೇ ಸಾಕು.

ಎಷ್ಟು ಕೊಂಡಿ ತೆಗೆಯಬೇಕು

ಬೆಳಿಗ್ಗೆ ಎದ್ದ ಕೂಡಲೇ ಅಳೆಯಬೇಡಿ. ಮಧ್ಯಾಹ್ನದ ಮೇಲೆ, ಓಡಾಡಿ ಬಂದ ನಂತರ ಅಳೆದರೆ ಮಣಿಕಟ್ಟಿನ ನಿಜವಾದ ಅಳತೆ ಸಿಗುತ್ತದೆ. ವಾಚ್ ಕಟ್ಟಿಕೊಂಡು, ಕೆಳಗೆ ಲಾಕ್ ಬಳಿ ಹೆಚ್ಚಾದ ಚೈನನ್ನು ಬೆರಳಲ್ಲಿ ಒಟ್ಟು ಹಿಡಿಯಿರಿ. ಕೈಗೆ ಹಿತವಾಗಿ ಕೂತಾಗ ಬೆರಳ ನಡುವೆ ಎಷ್ಟು ಕೊಂಡಿ ಸಿಕ್ಕಿತು ಎಣಿಸಿ. ಅಷ್ಟು ತೆಗೆಯಬೇಕು. ಸಂದೇಹವಿದ್ದರೆ ಒಂದು ಕಡಿಮೆಯೇ ತೆಗೆಯಿರಿ, ಉಳಿದದ್ದನ್ನು ಲಾಕ್‌ನ ತೂತುಗಳಲ್ಲಿ ಹೊಂದಿಸಬಹುದು.

ಸಮಸಂಖ್ಯೆಯಾದರೆ ಎರಡೂ ಕಡೆ ಸಮನಾಗಿ. ಬೆಸವಾದರೆ ಮಡಚುವ ಲಾಕ್‌ನಲ್ಲಿ ಆ ಹೆಚ್ಚಿನ ಒಂದನ್ನು 6 ಗಂಟೆಯ ಕಡೆಯಿಂದ ತೆಗೆಯುವುದು ರೂಢಿ. ಆ ಬದಿ ಸ್ವಲ್ಪ ಗಿಡ್ಡವಿದ್ದರೆ ಲಾಕ್ ಮಣಿಕಟ್ಟಿನ ನಡುವಿಗೆ ಬರುತ್ತದೆ. ಕೆಲವು ಚೈನ್‌ಗಳಲ್ಲಿ ಅರ್ಧ ಅಳತೆಯ ಕೊಂಡಿಯೂ ಇರುತ್ತದೆ, ಅದನ್ನು ಗಮನಿಸಿ.

ಕೆಲಸಕ್ಕೆ ಕೂರುವಾಗ

ಮೇಜಿನ ಮೇಲೆ ದಪ್ಪ ಬಿಳಿ ಟವೆಲ್ ಹಾಸಿ. ಬಿದ್ದ ಪಿನ್ ಪುಟಿಯುವುದಿಲ್ಲ, ಕಣ್ಣಿಗೂ ಕಾಣುತ್ತದೆ. ಫ್ಯಾನ್ ಆರಿಸಿ. ಲಾಕ್‌ನ ಒಂದು ಬದಿಯ ಸ್ಪ್ರಿಂಗ್ ಬಾರ್ ಬಿಡಿಸಿಬಿಟ್ಟರೆ ಚೈನ್ ಉದ್ದಕ್ಕೆ ಚಪ್ಪಟೆಯಾಗಿ ಮಲಗುತ್ತದೆ, ಕೆಲಸ ಅರ್ಧ ಸುಲಭ. ಸ್ಪ್ರಿಂಗ್ ಬಾರ್ ಸಿಡಿದು ಹಾರುವ ಸ್ವಭಾವದ್ದು. ಅಭ್ಯಾಸವಾಗುವ ತನಕ ವಾಚನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗಿಟ್ಟು, ಕೈಯನ್ನೂ ಅದರೊಳಗೆ ಹಾಕಿ ಬಿಡಿಸಿ. ಕಣ್ಣಿಗೆ ಕನ್ನಡಕ ಇರಲಿ.

ತೆಗೆಯಬೇಕಾದ ಕೊಂಡಿಯ ಅಕ್ಕಪಕ್ಕ ಟೇಪ್ ಅಂಟಿಸಿ, ಬಾಣ ಕೆಳಮುಖವಾಗುವಂತೆ ಚೈನನ್ನು ದಿಮ್ಮಿಯ ಸೀಳಿನಲ್ಲಿ ನಿಲ್ಲಿಸಿ. ಪಿನ್ನಿನ ಕೆಳಗೆ ದಿಮ್ಮಿಯಲ್ಲಿ ಖಾಲಿ ಜಾಗ ಇರಲೇಬೇಕು, ಇಲ್ಲದಿದ್ದರೆ ಅದು ಎಲ್ಲಿಗೆ ಬರಬೇಕು? ಗಿಡ್ಡ ಪಂಚ್ ನೇರವಾಗಿ ಇಟ್ಟು ಮೆಲ್ಲಗೆ, ಆದರೆ ಚುರುಕಾಗಿ ತಟ್ಟಿ. ಮೂರು ನಾಲ್ಕು ಏಟಿಗೂ ಅಲುಗದಿದ್ದರೆ ಜೋರು ಮಾಡಬೇಡಿ. ಬೆವರು, ಸೋಪು, ಧೂಳು ಸೇರಿ ಪಿನ್ ಕಚ್ಚಿಕೊಂಡಿರಬಹುದು. ಲಾಕ್ ಮತ್ತು ಚೈನನ್ನು ವಾಚಿನಿಂದ ಪೂರ್ತಿ ಬಿಡಿಸಿ, ಸೋಪು ಬೆರೆಸಿದ ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿಸಿ ಮತ್ತೆ ಪ್ರಯತ್ನಿಸಿ. ಅಪ್ಪನ ಚೈನಿಗೆ ನಾನು ಕೊಡದೇ ಹೋದದ್ದು ಈ ಅರ್ಧ ಗಂಟೆ.

ಪಿನ್ನಿನ ಮೂರನೇ ಒಂದು ಭಾಗ ಹೊರಬಂದ ಮೇಲೆ ಚೈನನ್ನು ಬಿಳಿ ತಟ್ಟೆಯ ಮೇಲೆ ಹಿಡಿದು ಇಕ್ಕಳದಿಂದ ಎಳೆಯಿರಿ. ಕಾಲರ್ ಇದ್ದರೆ ಅದು ಬೀಳುವುದು ಈ ಗಳಿಗೆಯಲ್ಲೇ. ಕೊಂಡಿಯನ್ನು ತಟ್ಟೆಯ ಮೇಲೆ ಮೆಲ್ಲಗೆ ಕುಟ್ಟಿ, ಏನಾದರೂ ಬಿತ್ತೇ ನೋಡಿ, ರಂಧ್ರದೊಳಗೂ ಇಣುಕಿ ನೋಡಿ. ಹಾಗೆಯೇ ಪಿನ್ನಿನ ಯಾವ ತುದಿ ಮೊದಲು ಹೊರಬಂತು ಎಂದು ನೆನಪಿಡಿ. ಮೊದಲು ಹೊರಬಂದ ತುದಿ ಹಾಕುವಾಗ ಕೊನೆಗೆ ಒಳಹೋಗಬೇಕು.

ಒಂದು ಕೊಂಡಿ ಬಿಡಿಸಲು ಅದರ ಎರಡೂ ಬದಿಯ ಪಿನ್ ತೆಗೆಯಬೇಕು ಎಂಬುದನ್ನು ಮರೆಯಬೇಡಿ. ಕೂಡಿಸುವಾಗ ಒಂದೇ ಪಿನ್ ಸಾಕು, ಇನ್ನೊಂದು ತೆಗೆದ ಕೊಂಡಿಯ ಜೊತೆ ಉಳಿಯುತ್ತದೆ.

ಹಾಕುವಾಗ ಬಾಣ ಮೇಲ್ಮುಖವಾಗುವಂತೆ ಚೈನನ್ನು ತಿರುಗಿಸಿ ನಿಲ್ಲಿಸಿ. ಆಗ ಮೇಲಿನಿಂದ ಹೋಗುವ ಪಿನ್ ಬಾಣಕ್ಕೆ ಎದುರಾಗಿ ಹೋಗುತ್ತದೆ. ಬೆರಳಲ್ಲಿ ಅರ್ಧಕ್ಕಿಂತ ಹೆಚ್ಚು ತಾನಾಗಿ ಇಳಿಯಬೇಕು. ಇಳಿಯದಿದ್ದರೆ ಕೊಂಡಿಗಳ ರಂಧ್ರ ಒಂದಕ್ಕೊಂದು ಸಾಲಾಗಿಲ್ಲ ಎಂದರ್ಥ, ಸುತ್ತಿಗೆ ಎತ್ತಬೇಡಿ, ಮೊದಲು ಹೊಂದಿಸಿ. ಉಳಿದದ್ದನ್ನು ಸುತ್ತಿಗೆಯ ಪ್ಲಾಸ್ಟಿಕ್ ಮುಖದಿಂದ ತಟ್ಟಿ, ಕೊನೆಯ ಕೂದಲೆಳೆಯಷ್ಟನ್ನು ಪಂಚ್‌ನಿಂದ ಕೂರಿಸಿ. ಆಮೇಲೆ ಎರಡೂ ಅಂಚಿನ ಮೇಲೆ ಬೆರಳಾಡಿಸಿ. ಪಿನ್ ಎಲ್ಲೂ ಚುಚ್ಚಬಾರದು.

ಕಾಲರ್ ಚೈನಾದರೆ ಕೂಡಿಸುವ ಮೊದಲೇ ಕಾಲರನ್ನು ಚಿಮಟದಿಂದ ಅದರ ಮನೆಗೆ ಇಳಿಸಿರಬೇಕು. ಅದು ಸಾಮಾನ್ಯವಾಗಿ ನಡುವಿನ ಕೊಂಡಿಯ ರಂಧ್ರದೊಳಗಿರುತ್ತದೆ. ಅದನ್ನು ಬಿಟ್ಟು ಪಿನ್ ಹಾಕಿದರೂ ಆ ಹೊತ್ತಿಗೆ ಚೈನ್ ಸರಿಯಾಗಿಯೇ ಕಾಣುತ್ತದೆ. ಒಂದೆರಡು ದಿನದಲ್ಲಿ ಪಿನ್ ಜಾರಿ, ವಾಚ್ ಕೈಯಿಂದ ಕೆಳಗೆ ಬೀಳುತ್ತದೆ. ಪಿನ್ ಸುಲಭವಾಗಿ ಪೂರ್ತಿ ಒಳಹೋಯಿತು, ತಟ್ಟಬೇಕಾಗಲೇ ಇಲ್ಲ ಎಂದರೆ ಸಂತೋಷಪಡಬೇಡಿ. ನಿಲ್ಲಿಸಿ, ಕಾಲರ್ ಹುಡುಕಿ.

ಸ್ಕ್ರೂ ಚೈನಿನಲ್ಲಿ ಮೊದಲ ತಿರುವೇ ಕಷ್ಟ. ಕಾರ್ಖಾನೆಯಲ್ಲಿ ಹಾಕಿದ ಅಂಟು ಹಿಡಿದಿರುತ್ತದೆ. ವಾಚಿನಿಂದ ಚೈನ್ ಬಿಡಿಸಿ, ಆ ಭಾಗಕ್ಕೆ ಮಾತ್ರ ಹೇರ್ ಡ್ರೈಯರ್‌ನ ಬಿಸಿಗಾಳಿ ಒಂದೆರಡು ನಿಮಿಷ ಹಿಡಿದರೆ ಅಂಟು ಮೆತ್ತಗಾಗುತ್ತದೆ. ವಾಚಿಗೆ ಆ ಶಾಖ ತಾಗಿಸಬೇಡಿ. ಚೈನನ್ನು ಅಲುಗದಂತೆ ಹಿಡಿಯುವ ದಿಮ್ಮಿ ಇಲ್ಲಿಯೂ ಬೇಕು, ಕೈಯಲ್ಲಿ ಹಿಡಿದು ತಿರುಗಿಸಿದರೆ ಬ್ಲೇಡ್ ಜಾರಿ ಬೆರಳಿಗೇ ಬರುತ್ತದೆ. ವಾಪಸ್ ಹಾಕುವಾಗ ಹಳೆಯ ಅಂಟನ್ನು ಒರೆಸಿ, ಸ್ಕ್ರೂವಿನ ಸುರುಳಿ ಎಳೆಗಳ ಮೇಲೆ ಸಾಸಿವೆಯಷ್ಟು ಹೊಸ ಅಂಟು ಹಚ್ಚಿ, ಸ್ಕ್ರೂ ನಿಂತ ಕೂಡಲೇ ನಿಲ್ಲಿಸಿ. ಒಂದು ರಾತ್ರಿ ಬಿಟ್ಟು ಕಟ್ಟಿಕೊಳ್ಳಿ.

ಕೆಲವನ್ನು ಮನೆಯಲ್ಲಿ ಮುಟ್ಟಬೇಡಿ

ಸೆರಾಮಿಕ್ ಚೈನ್ ಗೀರು ಬೀಳದಷ್ಟು ಗಟ್ಟಿ, ಆದರೆ ಏಟಿಗೆ ಗಾಜಿನಂತೆ ಒಡೆಯುತ್ತದೆ. ಅದಕ್ಕೆ ಸುತ್ತಿಗೆ ಖಂಡಿತ ಬೇಡ. ಚಿನ್ನದ ಲೇಪನದ ಚೈನಿಗೆ ಒಮ್ಮೆ ಗೀರು ಬಿದ್ದರೆ ಅದನ್ನು ಉಜ್ಜಿ ತೆಗೆಯಲಾಗುವುದಿಲ್ಲ, ಉಜ್ಜಿದರೆ ಲೇಪನವೇ ಹೋಗುತ್ತದೆ. ಟೈಟಾನಿಯಂ ಚೈನಿನ ಸ್ಕ್ರೂ ತಿರುಗಿಸುವಾಗ ಬಿಗಿ ಹೆಚ್ಚಾಗುತ್ತಾ ಹೋದರೆ ಅಲ್ಲೇ ನಿಲ್ಲಿಸಿ, ಆ ಲೋಹದ ಎಳೆಗಳು ಒಂದನ್ನೊಂದು ಕಚ್ಚಿಕೊಂಡುಬಿಡುತ್ತವೆ. ವಾರಂಟಿ ಇನ್ನೂ ಇರುವ ದುಬಾರಿ ವಾಚಾದರೆ ಕೊಂಡ ಅಂಗಡಿಯಲ್ಲೇ ಕೇಳಿ, ಹೊಸ ವಾಚಿಗೆ ಎಷ್ಟೋ ಕಡೆ ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ.

ಕಟ್ಟಿಕೊಂಡು ನೋಡುವುದು

ಲಾಕ್ ಹಾಕಿ, ಕಿರುಬೆರಳು ಲಾಕ್‌ನ ಕೆಳಗೆ ತೂರುತ್ತದೆಯೇ ನೋಡಿ. ತುಸು ಒತ್ತಿ ತೂರಿದರೆ ಸರಿ. ಕೈ ಕೊಡವಿದಾಗ ವಾಚ್ ಒಂದು ಬೆರಳಿನಷ್ಟು ಜರುಗಬಹುದು, ತಿರುಗಿಹೋಗಬಾರದು. ಅಂಗೈಯನ್ನು ಹಿಂದಕ್ಕೆ ಬಗ್ಗಿಸಿದಾಗ ಕೀ ಕೊಡುವ ಗುಂಡಿ ಕೈಗೆ ಒತ್ತಿದರೆ ಇನ್ನೂ ಸಡಿಲವಿದೆ. ಚರ್ಮದ ಮೇಲೆ ಕೊಂಡಿಗಳ ಅಚ್ಚು ಮೂಡಿದರೆ ಬಿಗಿಯಾಯಿತು. ಈಗ ಟವೆಲಿನ ಮೇಲೆ ಹಿಡಿದು ಪ್ರತಿಯೊಂದು ಹೊಸ ಜೋಡಣೆಯನ್ನೂ ಎರಡು ಕೈಯಿಂದ ಎಳೆದು, ತಿರುಚಿ ನೋಡಿ. ಒಂದು ವಾರ ಕಟ್ಟಿದ ಮೇಲೆ ಅಂಚುಗಳ ಮೇಲೆ ಮತ್ತೆ ಬೆರಳಾಡಿಸಿ, ಪಿನ್ ಎಲ್ಲಾದರೂ ಹೊರಬಂದಿದೆಯೇ ಎಂದು.

ತೆಗೆದ ಕೊಂಡಿ, ಪಿನ್, ಕಾಲರ್‌ಗಳನ್ನು ಒಂದು ಪುಟ್ಟ ಜಿಪ್ ಕವರಿನಲ್ಲಿ ಹಾಕಿ, ಯಾವ ವಾಚಿನವು, ಯಾವ ಕಡೆಯಿಂದ ಎಷ್ಟು ತೆಗೆದದ್ದು ಎಂದು ಚೀಟಿ ಬರೆದು ಅದರ ಜೊತೆಗೇ ಇಡಿ. ಲಾಕ್ ಕಡೆಗೆ ಸಣ್ಣದಾಗುತ್ತಾ ಹೋಗುವ ಚೈನ್‌ಗಳಲ್ಲಿ ಪ್ರತಿ ಕೊಂಡಿಯ ಅಗಲ ಬೇರೆ, ಇನ್ನೊಂದು ವಾಚಿನ ಕೊಂಡಿ ಇದಕ್ಕೆ ಹೊಂದುವುದಿಲ್ಲ. ಮಾದರಿ ಹಳೆಯದಾದ ಮೇಲೆ ಬಿಡಿ ಕೊಂಡಿಗಳು ಸಿಗುವುದೂ ಕಷ್ಟ. ವಾಚಿನ ಡಬ್ಬಿಯಲ್ಲಿ ದಿಂಬಿನ ಕೆಳಗೆ ಜಾಗ ಇರುತ್ತದೆ. ನಾನು ಕವರನ್ನು ಅಲ್ಲೇ ಇಡುತ್ತೇನೆ.